ಎದೆ ಡವಡವ, ಇಸಿಜಿ ನಾರ್ಮಲ್

ಮಧುಗಿರಿಯೋ ಗೌರಿಬಿದನೂರೋ, ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅರ್ಧ ದಿನ ಕೂತರೆ ಸಾಕು, ಈ ದೂರು ಕಿವಿಗೆ ಬೀಳುತ್ತದೆ: ‘ಎದೆ ಡವಡವ ಅಂತದೆ ಸಾರ್, ನಿದ್ದೆ ಹತ್ತಲ್ಲ, ಮೈಯೆಲ್ಲ ಉರಿ, ಕೈಕಾಲಲ್ಲಿ ಶಕ್ತಿನೇ ಇಲ್ಲ.’ ಇಸಿಜಿ ನಾರ್ಮಲ್, ಶುಗರ್ ನಾರ್ಮಲ್, ಥೈರಾಯ್ಡ್ ಕೂಡ ಸರಿ. ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟು ಕಳಿಸುತ್ತಾರೆ. ತಿಂಗಳು ಕಳೆದ ಮೇಲೆ ಅದೇ ದೂರು, ಅದೇ ಮಾತ್ರೆ. ಇಂಥವರಲ್ಲಿ ಕೆಲವರ ದೂರಿಗೆ ಬಾಲ್ಯದ ಆಘಾತ ಮೂಲವಾಗಿರಬಹುದು, ಎಲ್ಲರಿಗೂ ಅದೇ ಎಂದೇನೂ ಅಲ್ಲ. ರಕ್ತಹೀನತೆ ಇರಬಹುದು, ಖಿನ್ನತೆ ಇರಬಹುದು, ಬೋರ್‌ವೆಲ್ ಸಾಲವೂ ಇರಬಹುದು. ಆದರೆ ಸಣ್ಣವರಿದ್ದಾಗ ಮನೆ ಹೇಗಿತ್ತು ಎಂದು ಮಾತ್ರ ಅವರನ್ನು ಯಾರೂ ಕೇಳಿರುವುದಿಲ್ಲ.

ಅದನ್ನು ದೊಡ್ಡ ಪ್ರಮಾಣದಲ್ಲಿ ಕೇಳಿದ್ದು ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ. ಅಲ್ಲಿ ಬೊಜ್ಜು ಇಳಿಸುವ ಚಿಕಿತ್ಸೆ ನಡೆಸುತ್ತಿದ್ದ ವೈದ್ಯ ವಿನ್ಸೆಂಟ್ ಫೆಲಿಟ್ಟಿಗೆ ಒಂದು ಒಗಟು ಎದುರಾಯಿತು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ನಡುವೆ ಬಿಟ್ಟು ಹೋಗುತ್ತಿದ್ದರು. ವಿಚಾರಿಸಿದಾಗ, ಅವರಲ್ಲಿ ಹಲವರು ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದ್ದರು. ಮುಂದೆ ಸಂಶೋಧಕ ರಾಬರ್ಟ್ ಆಂಡಾ ಜೊತೆಗೂಡಿ 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ವಯಸ್ಕರಿಂದ ಮಾಹಿತಿ ಪಡೆದರು. ಮೊದಲ ವರದಿ ಬಂದದ್ದು 1998ರಲ್ಲಿ. ಹೊಡೆತ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲೆ ಹಿಂಸೆ, ಮನೆಯಲ್ಲಿ ಕುಡಿತ ಮುಂತಾದ ಬಗೆಗಳಲ್ಲಿ ನಾಲ್ಕು ಅಥವಾ ಹೆಚ್ಚನ್ನು ಕಂಡವರಿಗೆ, ಒಂದನ್ನೂ ಕಾಣದವರಿಗಿಂತ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯೆ ಯತ್ನಗಳ ಅಪಾಯ 4ರಿಂದ 12 ಪಟ್ಟು ಜಾಸ್ತಿ ಇತ್ತು. ಹೃದ್ರೋಗ, ಶ್ವಾಸಕೋಶದ ಕಾಯಿಲೆಗಳೂ ಬಗೆಗಳ ಸಂಖ್ಯೆಯೊಂದಿಗೆ ಏರುತ್ತಿದ್ದವು.

ಈಗ ಮೊಬೈಲಿನಲ್ಲಿ ಆ ಅಧ್ಯಯನದಿಂದ ಬಂದ ಹತ್ತು ಪ್ರಶ್ನೆಗಳ ಅಂಕ ಹಾಕಿಕೊಂಡು ಜಾತಕದಂತೆ ಓದುವವರಿದ್ದಾರೆ. ಅದು ತಪ್ಪು. ಆ ಅಂಕ ಸಾವಿರಾರು ಜನರ ಸರಾಸರಿ ಹೇಳುತ್ತದೆಯೇ ಹೊರತು ಒಬ್ಬರ ಮುಂದಿನ ಬದುಕನ್ನಲ್ಲ. ಎಷ್ಟು ವರ್ಷ ನಡೆಯಿತು, ಎಷ್ಟು ಸಲ, ಯಾರಿಂದ ಎಂಬ ಲೆಕ್ಕವೂ ಅದರಲ್ಲಿಲ್ಲ. ಜಾತಿಯ ಅವಮಾನ, ಹದಿನಾಲ್ಕಕ್ಕೆ ಮದುವೆ, ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕುದಿನೀರಿನ ಮುಂದೆ ಕಳೆದ ಬಾಲ್ಯ, ಇವು ಯಾವುವೂ ಆ ಹತ್ತರಲ್ಲಿ ಬರುವುದಿಲ್ಲ. ಶಿಡ್ಲಘಟ್ಟದಲ್ಲಿ ಕೂತು ಸ್ಯಾನ್ ಡಿಯಾಗೊದ ಪಟ್ಟಿ ಹಿಡಿದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ.

ಮೈಯೊಳಗೆ ನಡೆಯುವುದೇನು? ಅಪಾಯ ಕಂಡಾಗ ಮಿದುಳಿನ ಅಮಿಗ್ಡಲ ಎಚ್ಚರಿಸುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ಹರಿದು ಎದೆಬಡಿತ ಏರುತ್ತದೆ. ಜೊತೆಗೆ ಮಿದುಳಿನ ಹೈಪೊಥಾಲಮಸ್ ಭಾಗ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸಂದೇಶ ಕಳಿಸಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಬಿಡಿಸುತ್ತವೆ. ಅಪಾಯ ಸರಿದ ಮೇಲೆ ಕಾರ್ಟಿಸಾಲೇ ಮಿದುಳಿಗೆ ಮರಳಿ ‘ಸಾಕು’ ಎನ್ನುತ್ತದೆ, ಎಲ್ಲವೂ ತಣ್ಣಗಾಗುತ್ತದೆ. ಒಂದು ದಿನದ ಭಯಕ್ಕೆ ಇದು ಒಳ್ಳೆಯ ವ್ಯವಸ್ಥೆ. ಅಪ್ಪ ದಿನಾ ರಾತ್ರಿ ಕುಡಿದು ಬರುವ ಮನೆಯಲ್ಲಿ ಹಾಗಲ್ಲ. ಮಗು ಬೈಕಿನ ಸದ್ದಿನಿಂದಲೇ ಆ ರಾತ್ರಿ ಹೇಗಿರುತ್ತದೆಂದು ಅಳೆಯುವುದನ್ನು ಕಲಿಯುತ್ತದೆ. ಬೆಳೆಯುವ ಮಿದುಳು ಇದನ್ನೇ ಮಾಮೂಲಿ ಎಂದುಕೊಂಡು ಹೊಂದಿಕೊಳ್ಳುತ್ತದೆ. ಆವೇಗ ತಡೆದು ಯೋಚಿಸುವ ಮುಂಭಾಗದ ಮಿದುಳು ಪೂರ್ತಿ ಮಾಗಲು ಹೆಚ್ಚುಕಡಿಮೆ 25 ವರ್ಷ ಬೇಕು. ಏಟು ಬೀಳುವುದು ಅದಕ್ಕೂ ಎಷ್ಟೋ ಮೊದಲು.

ಆಘಾತ ಕಂಡವರಲ್ಲಿ ಕಾರ್ಟಿಸಾಲ್ ಸದಾ ಹೆಚ್ಚಿರುತ್ತದೆ ಎಂದು ಬರೆಯುವುದುಂಟು. ಹಾಗಿಲ್ಲ. ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಬೆಳಿಗ್ಗೆ ಏರಬೇಕಾದದ್ದೂ ಏರುವುದಿಲ್ಲ. ಹಾಗಾಗಿ ಲ್ಯಾಬಿನಲ್ಲಿ ಕಾರ್ಟಿಸಾಲ್ ಅಳೆಸಿ ಇದನ್ನು ಪತ್ತೆ ಹಚ್ಚುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ.

ದೊಡ್ಡವರಾದ ಮೇಲೆ ಇದು ಕಾಣುವ ರೂಪಗಳು ಹಲವು. ಮೇಸ್ತ್ರಿ ದನಿ ಏರಿಸಿದೊಡನೆ ಮೈ ಬೆವರುವುದು, ಇಲ್ಲವೇ ನಾಲಿಗೆ ಬಿದ್ದುಹೋಗುವುದು. ಸಣ್ಣ ಮಾತಿಗೆ ಕೆಂಡವಾಗಿ ಆಮೇಲೆ ತನ್ನನ್ನೇ ಹಳಿದುಕೊಳ್ಳುವುದು. ಒಳ್ಳೆಯ ಗಂಡನನ್ನೂ ನಂಬಲಾಗದಿರುವುದು. ಬಹುಕಾಲ ತಪ್ಪಿಸಿಕೊಳ್ಳಲಾಗದ ಹಿಂಸೆಯ ನಂತರ ಬರುವ ಇಂಥ ಸ್ಥಿತಿಯನ್ನು, ದುಃಸ್ವಪ್ನ ಮತ್ತು ಮರುಕಳಿಸುವ ನೆನಪುಗಳೊಂದಿಗೆ ಬಂದಾಗ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ ಸಂಕೀರ್ಣ ಆಘಾತೋತ್ತರ ಒತ್ತಡ ಎಂದು ಪ್ರತ್ಯೇಕವಾಗಿ ಗುರುತಿಸಿದೆ. ಅದು ಜಾರಿಗೆ ಬಂದದ್ದು 2022ರಲ್ಲಿ.

ಎಲ್ಲರೂ ಹೀಗಾಗುವುದಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ದಶಕಗಳ ಕಾಲ ಗಮನಿಸಿದರು. ತೀರಾ ಕಷ್ಟದಲ್ಲಿ ಬೆಳೆದವರಲ್ಲೂ ಸುಮಾರು ಮೂರನೇ ಒಂದು ಭಾಗ ನೆಟ್ಟಗೆ ಬದುಕು ಕಟ್ಟಿಕೊಂಡರು. ಅವರಿಗೆ ನೆಚ್ಚಿಕೊಳ್ಳಲು ಒಬ್ಬರಾದರೂ ಹಿರಿಯರಿದ್ದರು. ಅಪ್ಪ ಅಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದಾಗ ಪಾವಗಡದಲ್ಲಿ ಅಜ್ಜಿ ಜೊತೆ ಉಳಿದ ಮಗುವಿಗೆ ಆ ಅಜ್ಜಿಯೇ ಔಷಧ, ಅಜ್ಜಿ ಕೈ ಎತ್ತದವಳಾಗಿದ್ದರೆ.

ವಯಸ್ಕರು ಮೊದಲು ಮಾಡಬೇಕಾದದ್ದು ಎರಡು ವಾರದ ಟಿಪ್ಪಣಿ. ಎದೆ ಹೊಡೆದುಕೊಂಡಾಗೆಲ್ಲ ಸಮಯ, ಅದಕ್ಕೆ ತುಸು ಮುಂಚೆ ಕಂಡದ್ದು ಅಥವಾ ಕೇಳಿದ್ದು, 0ಯಿಂದ 10ರೊಳಗೆ ತೀವ್ರತೆ, ಇಷ್ಟು ಬರೆದರೆ ಸಾಕು. ಬಾಲ್ಯದ ಕಥೆ ಈಗಲೇ ಬೇಡ. ಆ ಕ್ಷಣದಲ್ಲಿ ಎರಡೂ ಪಾದ ನೆಲಕ್ಕೂರಿ, 4 ಎಣಿಸುವಷ್ಟು ಉಸಿರೆಳೆದು 6 ಎಣಿಸುವಷ್ಟು ಬಿಡುತ್ತಾ 3ರಿಂದ 5 ನಿಮಿಷ ಕೂರಬೇಕು. ಜನ ತಪ್ಪುವುದು ಇಲ್ಲೇ: ಜೋರಾಗಿ, ಬೇಗಬೇಗ ಎಳೆಯುತ್ತಾರೆ. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆಂದು ತಲೆ ತಿರುಗುತ್ತದೆ, ಭಯ ಇಮ್ಮಡಿಯಾಗುತ್ತದೆ. ಕಣ್ಣು ಮುಚ್ಚಿದರೆ ಹಳೆಯದೆಲ್ಲ ಎದುರಿಗೆ ಬರುವವರು ಕಣ್ಣು ತೆರೆದೇ ಮಾಡಲಿ. ಮನೆಯವರು ಹಿಂದಿನಿಂದ ಬಂದು ಹಿಡಿದುಕೊಳ್ಳಬಾರದು. ಎದುರಿಗೆ ನಿಂತು ಹೆಸರು ಹಿಡಿದು ಮೆಲ್ಲಗೆ ಮಾತಾಡಿಸಬೇಕು. ರಾತ್ರಿ ಒಂದು ಕ್ವಾರ್ಟರ್ ಹಾಕಿದರೆ ನಿದ್ದೆ ಬೇಗ ಬರುವುದು ನಿಜ, ಆದರೆ ರಾತ್ರಿಯ ಎರಡನೇ ಅರ್ಧ ಒಡೆದುಹೋಗುತ್ತದೆ. ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಿಂದ ತರುವ ಅಲ್ಪ್ರಜೋಲಾಮ್ ಎಂಬ ಆತಂಕದ ಮಾತ್ರೆ ಇನ್ನೂ ಕೆಟ್ಟದ್ದು, ಅಭ್ಯಾಸವಾಗಿಬಿಡುತ್ತದೆ.

ಇದರಿಂದ ತಹಬಂದಿಗೆ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಆಘಾತ ಕೇಂದ್ರಿತ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ 12ರಿಂದ 16 ಭೇಟಿ ಹಿಡಿಯುತ್ತದೆ, ಬಾಲ್ಯದ ದೀರ್ಘ ಹಿಂಸೆಯಾದರೆ ಇನ್ನೂ ಹೆಚ್ಚು. ಮೊದಲ ದಿನವೇ ‘ಎಲ್ಲಾ ಹೇಳಿಬಿಡಿ’ ಎಂದು ಕೆದಕುವವರಿಂದ ದೂರವಿರಿ. ಮೊದಲು ನಿದ್ದೆ, ಸುರಕ್ಷತೆ, ಆಮೇಲೆ ನೆನಪು. ಸರ್ಟ್ರಲಿನ್‌ನಂಥ ಖಿನ್ನತೆ-ಆತಂಕದ ಮಾತ್ರೆ ಕೊಟ್ಟರೆ ಮೊದಲ ವಾರ ಹೊಟ್ಟೆ ತೊಳಸಬಹುದು. ಗುಣ ಕಾಣಲು 4ರಿಂದ 6 ವಾರ ಬೇಕು, ತಾವಾಗಿಯೇ ನಿಲ್ಲಿಸುವಂತಿಲ್ಲ. ನೆನಪಿನ ಕೆಲಸ ಶುರುವಾದಾಗ ಕೆಲವು ದಿನ ಕೆಟ್ಟ ಕನಸು ಹೆಚ್ಚಾಗುವುದುಂಟು, ಹಲವರು ಚಿಕಿತ್ಸೆ ಬಿಡುವುದು ಆಗಲೇ. ಬಿಡುವ ಬದಲು ‘ಸ್ವಲ್ಪ ನಿಧಾನ ಮಾಡಿ’ ಎಂದು ಕೇಳಿ, ಅದು ರೋಗಿಯ ಹಕ್ಕು.