ಮದುವೆ ಕ್ಯಾಸೆಟ್ಟಿನ ನಾಲ್ಕು ತುಂಡು: ಮೊದಲು ಜೋಡಿಸಬೇಕೋ, ಎನ್‌ಕೋಡ್ ಮಾಡಬೇಕೋ?

ಪ್ರಶ್ನೆ: ಅಪ್ಪ-ಅಮ್ಮನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಟೇಪು ನಡುನಡುವೆ ನಿಂತು ನಾಲ್ಕು ಫೈಲುಗಳಾದವು. ಒಂದೊಂದನ್ನೂ ಡಿವಿಡಿಗೆಂದು ಎನ್‌ಕೋಡ್ ಮಾಡಿ (ಡಿವಿಡಿಗೆ ಒಗ್ಗುವ ರೂಪಕ್ಕೆ ಕುಗ್ಗಿಸಿ) ಅಂಟಿಸಿದರೆ, ಎರಡನೇ ತುಂಡಿನಿಂದ ಧ್ವನಿ ಹಿಂದೆ ಬೀಳುತ್ತಿದೆ. ಏನು ಮಾಡಲಿ?

ಉತ್ತರ: ಮೊದಲು ಜೋಡಿಸಿ, ಆಮೇಲೆ ಒಂದೇ ಸಲ ಎನ್‌ಕೋಡ್ ಮಾಡಿ.

ಡಿವಿಡಿಯ ವಿಡಿಯೋ ಇರುವುದು ಎಂಪೆಗ್-2 ರೂಪದಲ್ಲಿ. ಆ ಫೈಲಿನೊಳಗೆ ಚಿತ್ರಕ್ಕೂ ಧ್ವನಿಗೂ ‘ಇಷ್ಟು ಹೊತ್ತಿಗೆ ಬರಬೇಕು’ ಎಂಬ ಸಮಯದ ಗುರುತು ಇರುತ್ತದೆ. ಬೇರೆ ಬೇರೆಯಾಗಿ ಎನ್‌ಕೋಡ್ ಆದ ನಾಲ್ಕು ಫೈಲುಗಳಲ್ಲೂ ಆ ಗಡಿಯಾರ ಹೊಸದಾಗಿ ಶುರುವಾಗುತ್ತದೆ. ಹಾಗೇ ಅಂಟಿಸಿದರೆ ಪ್ಲೇಯರಿಗೆ ಯಾವುದನ್ನು ನಂಬಬೇಕೋ ತಿಳಿಯುವುದಿಲ್ಲ. ಸಾಲದ್ದಕ್ಕೆ, ನಮ್ಮ ಹಳೇ ಟೀವಿಯ ಪಾಲ್ ಪದ್ಧತಿಯಲ್ಲಿ ಚಿತ್ರದ ಒಂದು ಫ್ರೇಮ್ 40 ಮಿಲಿಸೆಕೆಂಡು, ಡಿವಿಡಿಯ ಎಸಿ-3 (ಡಾಲ್ಬಿ) ಧ್ವನಿಯ ಒಂದು ಫ್ರೇಮ್ (ತುಣುಕು) 32. ತುಂಡಿನ ಕೊನೆಯಲ್ಲಿ ಎರಡೂ ಒಟ್ಟಿಗೆ ಮುಗಿಯುವುದು ಅಪರೂಪ.

ಆದರೆ ದೊಡ್ಡ ತಪ್ಪು ಎಷ್ಟೋ ಸಲ ಕ್ಯಾಪ್ಚರ್‌ನಲ್ಲೇ, ಅಂದರೆ ಟೇಪಿನಿಂದ ಕಂಪ್ಯೂಟರಿಗೆ ಇಳಿಸುವಾಗಲೇ, ಆಗಿರುತ್ತದೆ. ಹಳೇ ಟೇಪು ತಡವರಿಸಿದಾಗ ಕೆಲವು ಫ್ರೇಮುಗಳು ಬಿಟ್ಟುಹೋಗುತ್ತವೆ, ಧ್ವನಿ ಮಾತ್ರ ಓಡುತ್ತಲೇ ಇರುತ್ತದೆ. ನಮ್ಮ ಮನೆಯ ಕ್ಯಾಸೆಟ್ಟಿನಲ್ಲಿ ಇದು ಗೊತ್ತಾಗಿದ್ದು ಗಟ್ಟಿಮೇಳದಲ್ಲಿ. ಡೋಲಿನವರ ಕೋಲು ಚರ್ಮಕ್ಕೆ ಬಡಿಯುವುದಕ್ಕೂ ಸದ್ದಿಗೂ ತಾಳೆಯೇ ಇರಲಿಲ್ಲ. ನೀವೂ ಪ್ರತಿ ತುಂಡಿನ ಮೊದಲಲ್ಲಿ, ಕೊನೆಯಲ್ಲಿ ಇಂಥದ್ದೊಂದು ಏಟು ಹುಡುಕಿ ನೋಡಿ. ವ್ಯತ್ಯಾಸವಿದ್ದರೆ ಆ ತುಂಡಿನ ಧ್ವನಿಯನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಅಲ್ಲೇ ಸರಿಮಾಡಿ. ಬಿಟ್ಟರೆ ಅದು ಮುಂದಿನ ತುಂಡಿಗೂ ದಾಟಬಹುದು.

ಇನ್ನು ಜೋಡಣೆ. ಕ್ಯಾಪ್ಚರ್ ಆದದ್ದು ಎವಿಐ ಫೈಲುಗಳಾದರೆ ವರ್ಚುವಲ್‌ಡಬ್ ಎಂಬ ವಿಡಿಯೋ ತಂತ್ರಾಂಶದಲ್ಲಿ ಮೊದಲನೆಯದನ್ನು ತೆರೆದು ಉಳಿದವನ್ನು ಅಪೆಂಡ್ ಮಾಡಿ (ಹಿಂದೆ ಸೇರಿಸಿ). ಎಲ್ಲದರ ಚಿತ್ರದ ಅಳತೆ, ಕೋಡೆಕ್ (ಕುಗ್ಗಿಸುವ ವಿಧಾನ), ಫ್ರೇಮ್ ದರ, ಧ್ವನಿಯ ಸ್ಯಾಂಪಲ್ ದರ ಒಂದೇ ಇರಬೇಕು. ಒಂದು 44.1, ಇನ್ನೊಂದು 48 ಕಿಲೋಹರ್ಟ್ಸ್ ಇದ್ದರೆ ಮೊದಲೇ ಎಲ್ಲವನ್ನೂ 48ಕ್ಕೆ ತನ್ನಿ. ಡಿವಿಡಿಗೆ ಹೇಗೂ 44.1 ಆಗುವುದಿಲ್ಲ.

ಎನ್‌ಕೋಡ್ ಮಾಡುವಾಗ 720×576, 25 ಫ್ರೇಮ್, ಇಂಟರ್‌ಲೇಸ್ ಇದ್ದದ್ದು ಇದ್ದ ಹಾಗೇ ಇರಲಿ. ಇಂಟರ್‌ಲೇಸ್ ಎಂದರೆ ಪ್ರತಿ ಫ್ರೇಮನ್ನೂ ಒಂದು ಬಿಟ್ಟು ಒಂದು ಗೆರೆಯ ಎರಡು ಫೀಲ್ಡುಗಳಿಂದ ಹೆಣೆದಿರುವುದು. ಕಂಪ್ಯೂಟರಿನಲ್ಲಿ ಕಾಣುವ ಗೆರೆಗಳಿಗೆ ಹೆದರಿ ಡಿಇಂಟರ್‌ಲೇಸ್ ಮಾಡಬೇಡಿ. ಸೆಕೆಂಡಿಗೆ 50 ಫೀಲ್ಡುಗಳ ಆ ನಯವಾದ ಚಲನೆ ಒಮ್ಮೆ ಹೋದರೆ ಹೋಯಿತು. ಆದರೆ ಎರಡರಲ್ಲಿ ಯಾವ ಫೀಲ್ಡ್ ಮೊದಲು ಎಂಬ ಕ್ರಮ ತಪ್ಪಿದರೆ ಸಪ್ತಪದಿ ತುಳಿಯುವ ಹೆಜ್ಜೆ ಟೀವಿಯಲ್ಲಿ ನಡುಗುತ್ತದೆ. ಡಿವಿ (ಡಿಜಿಟಲ್ ಕ್ಯಾಮ್‌ಕಾರ್ಡರುಗಳ ರೂಪದ) ಫೈಲಿನಲ್ಲಿ ಕೆಳಗಿನ ಫೀಲ್ಡ್ ಮೊದಲು. ಕ್ಯಾಪ್ಚರ್ ಕಾರ್ಡುಗಳಲ್ಲಿ ಬಹಳಷ್ಟು ಸಲ ಮೇಲಿನದು. ಒಂದು ನಿಮಿಷದ ತುಣುಕನ್ನು ಮರುಬಳಕೆಯ ಡಿಸ್ಕಿಗೆ ಬರೆದು ನೋಡಿಬಿಡಿ.

4.7 ಜಿಬಿ ಡಿಸ್ಕಿಗೆ ಎರಡು ಗಂಟೆಯಾದರೆ ವಿಡಿಯೋಗೆ ಸೆಕೆಂಡಿಗೆ ಸುಮಾರು 4.8 ಮೆಗಾಬಿಟ್ ಸಿಗುತ್ತದೆ. ಮೂರು ಗಂಟೆಯಾದರೆ 3ರ ಆಸುಪಾಸು. ಆಗ ನಾನಾದರೆ ಅಗಲ ಸುಮಾರು ಅರ್ಧದಷ್ಟಿರುವ 352×576 ಆರಿಸುತ್ತೇನೆ. ವಿಎಚ್‌ಎಸ್‌ನಲ್ಲಿ ಅದಕ್ಕಿಂತ ಹೆಚ್ಚಿನ ವಿವರ ಇರುವುದೇ ಇಲ್ಲ.

ಮೂಲ ಎವಿಐಗಳನ್ನು ಅಳಿಸಿಬಿಟ್ಟು ಎಂಪೆಗ್ ಮಾತ್ರ ಉಳಿದಿದ್ದರೆ ಮತ್ತೆ ಎನ್‌ಕೋಡ್ ಮಾಡಬೇಡಿ. ಡಿವಿಡಿ ಸಿದ್ಧಪಡಿಸುವ ಡಿವಿಡಿಆಥರ್ ತಂತ್ರಾಂಶದಲ್ಲಿ ನಾಲ್ಕನ್ನೂ ಒಂದೇ ಟೈಟಲ್‌ನೊಳಗೆ ಸಾಲಾಗಿ ಕೊಡಿ. ಸಂದಿಯಲ್ಲಿ ಅರೆಗಳಿಗೆ ತಡೆದಂತೆ ಕಾಣಬಹುದು, ಆದರೆ ಚಿತ್ರ ಇನ್ನಷ್ಟು ಕೆಡುವುದಿಲ್ಲ.