ಚೌತಿಯ ಚಂದ್ರನ ಮೇಲೆ ಯಾರ ನೆರಳೂ ಇಲ್ಲ

ಕಳೆದ ಜನವರಿಯಲ್ಲಿ ಆಲೂರಿನ ಕಡೆಯ ಒಂದು ಶಾಲೆಗೆ ಆಕಾಶ ವೀಕ್ಷಣೆ ಮಾಡಿಸಲು ಹೋಗಿದ್ದೆ. ದೂರದರ್ಶಕ ಜೋಡಿಸುವಷ್ಟು ಹೊತ್ತು ಮಕ್ಕಳು ಸುಮ್ಮನಿರಲಿ ಎಂದು ಎಂಟನೆಯ ತರಗತಿಯವರಿಗೆ ಒಂದು ಪ್ರಶ್ನೆ ಎಸೆದೆ. "ಚಂದ್ರ ಕೆಲವು ದಿನ ತುಂಡಾಗಿ ಕಾಣುತ್ತಾನಲ್ಲ, ಯಾಕೆ?" ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲೆದ್ದಿತು. ಉತ್ತರ ಒಂದೇ: "ಭೂಮಿಯ ನೆರಳು ಬೀಳುತ್ತದೆ ಸಾರ್." ಹಿಂದೆ ಕುರ್ಚಿಯಲ್ಲಿ ಕುಳಿತಿದ್ದ ಮುಖ್ಯೋಪಾಧ್ಯಾಯರು ಸಮಾಧಾನದಿಂದ ತಲೆಯಾಡಿಸಿದರು.

ಕಾಲೇಜಿನಲ್ಲಿ ಭೌತವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ಹಾಸನ ಜಿಲ್ಲೆಯ ಶಾಲೆಗಳಿಗೆ ದೂರದರ್ಶಕ ಹೊತ್ತು ತಿರುಗುವುದು ಈಗಿನ ಕೆಲಸ. ಶನಿಯ ಬಳೆಯ ಬಗ್ಗೆ ತಪ್ಪು ಹೇಳಿದರೆ ನನಗೆ ಬೇಸರವಿಲ್ಲ. ಶನಿಯನ್ನು ಯಾರು ತಾನೆ ದಿನಾ ನೋಡುತ್ತಾರೆ? ಆದರೆ ಚಂದ್ರ ಮನೆಯ ಅಂಗಳಕ್ಕೆ ಬರುವವನು. ಅವನ ವಿಷಯದಲ್ಲಿ ಈ ನೆರಳಿನ ಮಾತನ್ನು ಸಕಲೇಶಪುರದಲ್ಲಿ ಕೇಳಿದ್ದೇನೆ, ಅರಸೀಕೆರೆಯಲ್ಲಿ ಕೇಳಿದ್ದೇನೆ, ಶಿಕ್ಷಕರ ತರಬೇತಿಯಲ್ಲಿ ಕೇಳಿದ್ದೇನೆ, ಒಮ್ಮೆ ಮದುವೆ ಊಟದ ಪಂಕ್ತಿಯಲ್ಲಿ ಎಂಜಿನಿಯರ್ ಒಬ್ಬರ ಬಾಯಿಂದಲೂ ಕೇಳಿದ್ದೇನೆ. ತಪ್ಪೊಪ್ಪಿಕೊಳ್ಳುವುದಾದರೆ, ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಹಾಗೆಯೇ ಪಾಠ ಮಾಡಿದ್ದೆ. ಆ ತರಗತಿಯ ಹುಡುಗರು ಈಗ ಐವತ್ತು ದಾಟಿದ್ದಾರೆ. ಮೊಮ್ಮಕ್ಕಳಿಗೆ ಏನು ಹೇಳುತ್ತಿದ್ದಾರೋ!

ಗ್ರಹಗಳೆಷ್ಟು, ನಕ್ಷತ್ರ ಯಾಕೆ ಮಿನುಗುತ್ತದೆ ಎಂಬುದೆಲ್ಲ ಪುಸ್ತಕದಲ್ಲಿದೆ, ಅದನ್ನು ಬಿಡುತ್ತೇನೆ. ಇಂದು ನೆರಳಿನದೊಂದೇ ಮಾತು.

ನೆರಳು ಎಲ್ಲಿರುತ್ತದೆ? ಬೆಳಕಿಗೆ ಬೆನ್ನು ಕೊಟ್ಟ ಕಡೆ. ಸಂಜೆ ಸೂರ್ಯ ಪಶ್ಚಿಮಕ್ಕೆ ಇಳಿದಾಗ ನಿಮ್ಮ ನೆರಳು ಪೂರ್ವಕ್ಕೆ ಚಾಚಿಕೊಂಡಿರುತ್ತದೆ. ಭೂಮಿಯ ನೆರಳಿನ ಪಾಡೂ ಅಷ್ಟೇ. ಈಗ ಗಣೇಶನ ಹಬ್ಬದ ರಾತ್ರಿಯನ್ನು ನೆನಪಿಸಿಕೊಳ್ಳಿ. ಚೌತಿಯ ಚಂದ್ರನನ್ನು ನೋಡಿದರೆ ಕಳ್ಳತನದ ಅಪವಾದ ಬರುತ್ತದೆಂದು ಮಕ್ಕಳು ಕಣ್ಣು ಮುಚ್ಚಿಕೊಂಡು ಓಡಾಡುತ್ತಾರೆ. ಯಾವ ದಿಕ್ಕಿಗೆ ನೋಡಬಾರದು ಎಂದು ಕೇಳಿ, ತಡವರಿಸದೆ ಪಶ್ಚಿಮ ಎನ್ನುತ್ತಾರೆ. ಎಂಟೂವರೆ ಒಂಬತ್ತರ ಆಸುಪಾಸಿಗೆ ಆತ ಮುಳುಗುತ್ತಾನೆ, ಆಮೇಲೆ ಭಯವಿಲ್ಲ ಎಂಬುದೂ ಅವರಿಗೆ ಗೊತ್ತು. ಅಂದರೆ ಚೌತಿಯ ಚಂದ್ರ ಸೂರ್ಯ ಮುಳುಗಿದ ಕಡೆಯಲ್ಲೇ ಇದ್ದಾನೆ. ಭೂಮಿಯ ನೆರಳು ಪೂರ್ವದಲ್ಲಿದೆ. ಪೂರ್ವದ ನೆರಳು ಪಶ್ಚಿಮದ ಚಂದ್ರನ ಮೇಲೆ ಹೇಗಪ್ಪಾ ಬೀಳುತ್ತದೆ? ಹೀಗೆ ಕೇಳಿದಾಗ ಆಲೂರಿನ ಮಕ್ಕಳು ಗಪ್‌ಚಿಪ್ಪಾದರು. ಮುಖ್ಯೋಪಾಧ್ಯಾಯರು ಮೊಬೈಲ್ ತೆಗೆದು ನೋಡತೊಡಗಿದರು.

ಸಂಕಷ್ಟಿಯದೂ ಇದೇ ಕಥೆ. ಸಂಕಷ್ಟಿಯ ದಿನ ನನ್ನ ಮನೆಯ ಫೋನಿಗೆ ಬಿಡುವಿಲ್ಲ. ಬೀದಿಯ ಹಿರಿಯ ಹೆಂಗಸರಿಗೆಲ್ಲ ನಾನು 'ಚಂದ್ರ ಎಷ್ಟು ಹೊತ್ತಿಗೆ ಹುಟ್ಟುತ್ತಾನೆಂದು ಹೇಳುವ ಮೇಷ್ಟ್ರು'. ಮಳೆಗಾಲದಲ್ಲಂತೂ, "ಮೋಡ ಮುಚ್ಚಿದೆ, ಊಟ ಮಾಡಬಹುದಾ?" ಎಂದೂ ಕೇಳುತ್ತಾರೆ. ಹೊತ್ತು ಹೇಳುತ್ತೇನೆ, ಊಟದ ತೀರ್ಮಾನ ನನ್ನ ವ್ಯಾಪ್ತಿಗೆ ಬರುವುದಿಲ್ಲ. ಅವತ್ತು ಚಂದ್ರೋದಯ ಸುಮಾರು ಒಂಬತ್ತು ಗಂಟೆಗೆ, ತಿಂಗಳಿಂದ ತಿಂಗಳಿಗೆ ಮುಕ್ಕಾಲು ಗಂಟೆ ಹಿಂದುಮುಂದು. ಭೂಮಿಯ ನೆರಳು ಸೂರ್ಯ ಮುಳುಗಿದ ಕೂಡಲೇ ಪೂರ್ವದಲ್ಲಿ ಹುಟ್ಟಿ, ಆ ಹೊತ್ತಿಗೆ ಮೂರು ತಾಸಿನಷ್ಟು ಮೇಲೇರಿರುತ್ತದೆ. ಚಂದ್ರನಾದರೋ ಇನ್ನೂ ತೆಂಗಿನ ಮರದ ಬುಡದಲ್ಲಿದ್ದಾನೆ. ಇಬ್ಬರಿಗೂ ಭೇಟಿಯೇ ಇಲ್ಲ. ಆದರೂ ಸಂಕಷ್ಟಿಯ ಚಂದ್ರನ ಒಂದು ಅಂಚು ಸವೆದಿರುತ್ತದೆ.

ಹಾಗಾದರೆ ಸವೆಸಿದವರು ಯಾರು? ಯಾರೂ ಅಲ್ಲ. ಚಂದ್ರನ ಅರ್ಧಭಾಗಕ್ಕೆ ಸದಾ ಬಿಸಿಲು, ಇನ್ನರ್ಧಕ್ಕೆ ಸದಾ ಕತ್ತಲು, ನಮ್ಮ ಭೂಮಿಯ ಹಾಗೆಯೇ. ಬಿಸಿಲು ಬಿದ್ದ ಆ ಅರ್ಧವನ್ನು ನಾವು ಯಾವ ಮಗ್ಗುಲಿನಿಂದ ನೋಡುತ್ತೇವೆ ಎಂಬುದು ದಿನದಿಂದ ದಿನಕ್ಕೆ ಬದಲಾಗುತ್ತದೆ. ಕತ್ತಲಾಗಿ ಕಾಣುವ ಭಾಗದಲ್ಲಿರುವುದು ಚಂದ್ರನದೇ ರಾತ್ರಿ.

ನಮ್ಮ ಪಂಚಾಂಗದವರು ಇದನ್ನು ಚೆನ್ನಾಗಿ ಬಲ್ಲವರು. ತಿಥಿಯ ಲೆಕ್ಕ ನೋಡಿ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಮೂವತ್ತು ತಿಥಿಗೆ 360 ಡಿಗ್ರಿ, ಒಂದು ಸುತ್ತು, ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಶುಕ್ಲ ಅಷ್ಟಮಿಯ ನಡುವಿಗೆ 90 ಡಿಗ್ರಿ, ಆಗ ಅರ್ಧಚಂದ್ರ. 180 ತುಂಬಿದರೆ ಹುಣ್ಣಿಮೆ ಮುಗಿಯಿತು. ಈ ಲೆಕ್ಕದಲ್ಲಿ ನೆರಳಿನ ಸುದ್ದಿಯೇ ಇಲ್ಲ, ಬರೀ ಕೋನ. ಅಡುಗೆಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲೇ ಉತ್ತರವಿದೆ. ಮುಹೂರ್ತ ಹುಡುಕುವುದಕ್ಕಲ್ಲದೆ ಅದನ್ನು ಯಾರೂ ತೆರೆಯುವುದಿಲ್ಲ, ಅಷ್ಟೇ.

ಅಂಚಿನ ಆಕಾರವನ್ನೂ ಗಮನಿಸಬೇಕು. ಅಷ್ಟಮಿಯ ಚಂದ್ರನ ನಡುವಿನ ಗೆರೆ ನೇರ, ಅಡಿಕೋಲಿನಲ್ಲಿ ಎಳೆದ ಹಾಗೆ. ಉಂಡೆಯಂಥ ಭೂಮಿಯ ನೆರಳಿಗೆ ನೇರ ಅಂಚು ಎಲ್ಲಿಂದ ಬರಬೇಕು? ಶುಕ್ಲ ಏಕಾದಶಿಯ ಚಂದ್ರನಲ್ಲಿ ಬೆಳಕಿನ ಎರಡು ಅಂಚೂ ಹೊರಕ್ಕೆ ಉಬ್ಬಿರುತ್ತವೆ. ನೆರಳು ಬಿದ್ದಿದ್ದರೆ ಒಂದು ಅಂಚು ಒಳಕ್ಕೆ ಬಾಗಿ, ಯಾರೋ ಕಚ್ಚಿಟ್ಟ ಅಕ್ಕಿರೊಟ್ಟಿಯಂತೆ ಕಾಣಬೇಕಿತ್ತು. ಕಚ್ಚಿದ ರೊಟ್ಟಿ ಕಾಣುವುದು ಚಂದ್ರಗ್ರಹಣದಲ್ಲಿ. 2025ರ ಸೆಪ್ಟೆಂಬರ್ 7ರ ರಾತ್ರಿ ಮೋಡದ ಸಂದಿಯಲ್ಲಿ ಸಿಕ್ಕಷ್ಟು ನೋಡಿದವರಿಗೆ ಇದು ನೆನಪಿರಬಹುದು. ಹತ್ತಕ್ಕೆ ಸ್ವಲ್ಪ ಮುಂಚೆ ಶುರುವಾದ ಕಚ್ಚುವಿಕೆ ಹನ್ನೊಂದಕ್ಕೆಲ್ಲ ಪೂರಾ ಚಂದ್ರನನ್ನು ನುಂಗಿತ್ತು. ಸುಮಾರು ಒಂದು ಗಂಟೆಯಲ್ಲಿ ಮುಗಿಯುವ ನುಂಗಾಟಕ್ಕೂ ಹದಿನೈದು ದಿನ ಹಿಡಿಯುವ ಸವೆತಕ್ಕೂ ಸಂಬಂಧ ಕಟ್ಟುವುದು ಹೇಗೆ?

ಈ ತಪ್ಪು ಹುಟ್ಟುವುದು ಪಾಠದ ಮಾತಿನಿಂದಲ್ಲ, ಚಿತ್ರದಿಂದ ಎಂದು ನನ್ನ ಅನುಮಾನ. ಪುಟದ ಅಗಲ ಅಷ್ಟೇ ಇರುವುದರಿಂದ ಸೂರ್ಯ, ಭೂಮಿ, ಚಂದ್ರ ಮೂವರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದಂತೆ ಬರೆಯುತ್ತಾರೆ. ಹಾಗೆ ಕೂತರೆ ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳದೆ ಇರುತ್ತದೆಯೇ? ಅದಕ್ಕೇ ಅರಸೀಕೆರೆಯ ಕಡೆ ಹೋದಾಗ ನಾನು ಮೊದಲು ಒಂದು ಸುಲಿದ ತೆಂಗಿನಕಾಯಿ ತರಿಸುತ್ತೇನೆ. ಆ ಊರಿನಲ್ಲಿ ಅದಕ್ಕೇನು ಬರವೇ? ಕಾಯಿ 12 ಸೆಂಟಿಮೀಟರ್ ಅಗಲವಿದ್ದು ಅದೇ ಭೂಮಿಯಾದರೆ, ಚಂದ್ರ ಮೂರು ಸೆಂಟಿಮೀಟರಿಗೆ ತುಸು ಮೇಲಾದ ಸಣ್ಣ ನಿಂಬೆಹಣ್ಣು. ಎರಡನ್ನೂ ಎಷ್ಟು ದೂರದಲ್ಲಿಡಬೇಕು ಎಂದು ಕೇಳಿದರೆ ಮಕ್ಕಳು ಗೇಣಿನಿಂದ ಮೊಳದವರೆಗೆ ಹೇಳುತ್ತಾರೆ. ಸರಿಯಾದ ಉತ್ತರ ಮೂರೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು. ಭೂಮಿಯಂಥ ಮೂವತ್ತು ಗೋಲಗಳನ್ನು ಸಾಲಾಗಿಟ್ಟಷ್ಟು, ಅಂದರೆ ಸರಾಸರಿ 3,84,400 ಕಿಲೋಮೀಟರ್. ನಿಂಬೆಹಣ್ಣು ಹಿಡಿದ ಹುಡುಗಿ ಹಿಂದೆ ಹಿಂದೆ ನಡೆದು ಬಾಗಿಲಿಗೆ ತಾಗುತ್ತಾಳೆ, ತರಗತಿ ನಗುತ್ತದೆ.

ಅಷ್ಟು ದೂರದಲ್ಲಿ ಕಾಯಿಯ ನೆರಳಿನ ಅಗಲ ಎಂಟೊಂಬತ್ತು ಸೆಂಟಿಮೀಟರ್ ಮಾತ್ರ. ಚಂದ್ರನ ದಾರಿ ನಮ್ಮ ದಾರಿಗೆ ಐದು ಡಿಗ್ರಿ ಓರೆಯಾಗಿರುವುದರಿಂದ ನಿಂಬೆಹಣ್ಣು ನೆರಳಿಗಿಂತ ಒಂದಡಿಯವರೆಗೂ ಮೇಲೋ ಕೆಳಗೋ ಹಾದುಹೋಗಬಹುದು. ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಾಗುವುದಿಲ್ಲ ಎಂಬ ಪ್ರಶ್ನೆಗೆ ಆ ಒಂದಡಿಯೇ ಉತ್ತರ. ಹುಣ್ಣಿಮೆಯಂದು, ಸರಿಯಾಗಿ ಸೂರ್ಯನ ಎದುರಿಗೆ ಬಂದಾಗಲೂ, ಚಂದ್ರ ಬಹುಪಾಲು ನೆರಳಿನಿಂದ ತಪ್ಪಿಸಿಕೊಳ್ಳುತ್ತಾನೆ. ಇನ್ನು ಚೌತಿಗೆ, ಅಷ್ಟಮಿಗೆ ಸಿಕ್ಕಿಬೀಳುವುದೆಲ್ಲಿ ಬಂತು!

ಭೂಮಿಯ ನೆರಳಿನ ನಿಜವಾದ ತಾಪತ್ರಯ ಅನುಭವಿಸುವವರು ಹಾಸನದಲ್ಲೇ ಇದ್ದಾರೆ. 1982ರಲ್ಲಿ ಆರಂಭವಾದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಊರಿನವರ ಬಾಯಲ್ಲಿ ಎಂಸಿಎಫ್, ನಮ್ಮ ಊರಿನದು. ಅಲ್ಲಿ ದೊಡ್ಡ ದೂರದರ್ಶಕವಿದೆ, ರಾತ್ರಿಯೆಲ್ಲ ನಕ್ಷತ್ರ ನೋಡುತ್ತಾರೆ ಎಂದು ಮಕ್ಕಳೆಲ್ಲ ನಂಬಿದ್ದಾರೆ. ಅಲ್ಲ, ಆ ದೊಡ್ಡ ತಟ್ಟೆಗಳು ಆಂಟೆನಾಗಳು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಂತಿರುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳ ಯೋಗಕ್ಷೇಮ ನೋಡುವುದು ಅವರ ಕೆಲಸ. ಮಾರ್ಚ್ ಮತ್ತು ಸೆಪ್ಟೆಂಬರ್ ಸುಮಾರಿಗೆ, ಹಗಲು ರಾತ್ರಿ ಸಮವಾಗುವ ದಿನಗಳ ಆಚೀಚೆ, ಈ ಉಪಗ್ರಹಗಳು ನಡುರಾತ್ರಿಯ ಹೊತ್ತಿಗೆ ಭೂಮಿಯ ನೆರಳನ್ನು ಹಾಯುತ್ತವೆ, ಹೆಚ್ಚೆಂದರೆ 70 ನಿಮಿಷದಷ್ಟು. ಬಿಸಿಲಿಲ್ಲದೆ ಸೌರಫಲಕ ಕೆಲಸ ಮಾಡದು, ಆಗ ಬ್ಯಾಟರಿಯೇ ಗತಿ. ತೆಂಗಿನಕಾಯಿಯ ಲೆಕ್ಕದಲ್ಲಿ ಅವು ಕಾಯಿಯಿಂದ ಒಂದಡಿ ದೂರದಲ್ಲಿವೆ; ನೆರಳು ತಗಲುವುದು ಸಹಜ. ಚಂದ್ರ ಅದರ ಹತ್ತು ಪಟ್ಟಿಗೂ ಆಚೆ.

ಮಾತಿನಿಂದ ಇದು ಮಕ್ಕಳ ತಲೆಗೆ ಇಳಿಯುವುದಿಲ್ಲ, ಇಷ್ಟು ವರ್ಷದಲ್ಲಿ ಅದು ಖಾತ್ರಿಯಾಗಿದೆ. ಕೈಗೆ ಒಂದು ಕಿತ್ತಳೆ ಕೊಡಬೇಕು. ಶುಕ್ಲ ಅಷ್ಟಮಿಯ ಆಚೀಚಿನ ಒಂದು ದಿನ, ಮಧ್ಯಾಹ್ನ ಮೂರೂವರೆಗೆ, ಮಕ್ಕಳನ್ನು ಮೈದಾನಕ್ಕೆ ಕರೆತನ್ನಿ. ಚಂದ್ರ ಪೂರ್ವದ ಕಡೆ ಸಾಕಷ್ಟು ಮೇಲೇರಿರುತ್ತಾನೆ. ಹಗಲಿನಲ್ಲೂ ಚಂದ್ರ ಇರುತ್ತಾನೆಂದು ತಿಳಿದೇ ಅರ್ಧ ತರಗತಿ ಬೆರಗಾಗುತ್ತದೆ, ಅವರಿಗೆ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಕಿತ್ತಳೆಯನ್ನು ಕೈ ಚಾಚಿ ಚಂದ್ರನ ಪಕ್ಕಕ್ಕೆ ಬರುವಂತೆ ಬಿಸಿಲಿನಲ್ಲಿ ಹಿಡಿಯಲಿ. ಕಿತ್ತಳೆಯ ಯಾವ ಭಾಗ ಬೆಳಗಿದೆಯೋ ಚಂದ್ರನಲ್ಲೂ ಅದೇ ಭಾಗ, ಅಷ್ಟೇ ಪ್ರಮಾಣ. ಈಗ ಕೇಳಿ: ಕಿತ್ತಳೆಯ ಕಪ್ಪು ಭಾಗದ ಮೇಲೆ ನಿನ್ನ ತಲೆಯ ನೆರಳು ಬಿದ್ದಿದೆಯೇ? ಮಗು ತಿರುಗಿ ನೋಡುತ್ತದೆ. ತಲೆಯ ನೆರಳು ನೆಲದ ಮೇಲೆ, ಬೇರೆಲ್ಲೋ ಇದೆ. ಅಲ್ಲಿಗೆ ಮುಗಿಯಿತು. ಆ ತಲೆಯೇ ಭೂಮಿ ಎಂದು ಬಿಡಿಸಿ ಹೇಳುವ ಅಗತ್ಯ ಬೀಳುವುದು ಶಿಕ್ಷಕರಿಗೆ ಮಾತ್ರ.

ಒಂದು ಎಚ್ಚರಿಕೆ. ಕಿತ್ತಳೆಯನ್ನು ಸೂರ್ಯನ ಕಡೆಗೆ ಒಯ್ದು ಅಮಾವಾಸ್ಯೆ ಮಾಡಿ ತೋರಿಸಲು ಯಾವ ಮಗುವಿಗೂ ಬಿಡಬೇಡಿ. ಸೂರ್ಯನತ್ತ ಕಣ್ಣು ಹೋಗುವ ಯಾವ ಆಟವೂ ಬೇಡ; ಅದನ್ನು ಕೋಣೆಯೊಳಗೆ ಬಲ್ಬಿನ ಮುಂದೆ ಮಾಡಿ.

ಭೂಮಿಯ ನೆರಳನ್ನೇ ನೋಡಬೇಕೆನ್ನುವವರು ಸೂರ್ಯ ಮುಳುಗಿದ ಮೇಲೆ ಐದು ಹತ್ತು ನಿಮಿಷ ಪೂರ್ವಕ್ಕೆ ತಿರುಗಿ ನಿಲ್ಲಿ. ಆಕಾಶ ತಿಳಿಯಾಗಿದ್ದರೆ ದಿಗಂತದ ಮೇಲೆ ಬೂದುನೀಲಿಯ ಒಂದು ಪಟ್ಟಿ, ಅದರ ಮೇಲೆ ನಸುಗೆಂಪು. ಆ ಬೂದುನೀಲಿಯೇ ವಾತಾವರಣದ ಮೇಲೆ ಬಿದ್ದ ಭೂಮಿಯ ನೆರಳು. ಮುಳ್ಳಯ್ಯನಗಿರಿಗೆ ಹೋದವರು ಸೂರ್ಯಾಸ್ತದ ಫೋಟೋ ತೆಗೆದು ಬೆನ್ನ ಹಿಂದಿನ ಇದನ್ನು ನೋಡದೆಯೇ ಇಳಿದುಬರುತ್ತಾರೆ. ಇನ್ನು ಬಿದಿಗೆ ತದಿಗೆಯ ಸಂಜೆ ಎಳೆಚಂದ್ರನ ಕಪ್ಪು ಭಾಗವನ್ನು ದಿಟ್ಟಿಸಿದರೆ ಅದೂ ಮಸುಕಾಗಿ ಕಾಣುತ್ತದೆ. ಭೂಮಿಗೆ ಬಿದ್ದ ಬಿಸಿಲು ಅಲ್ಲಿಗೆ ಚಿಮ್ಮಿ ಬಂದ ಬೆಳಕು ಅದು. ನಾವು ನೆರಳು ಎಂದು ದೂರುವ ಜಾಗಕ್ಕೆ ಭೂಮಿ ಪಾಪ ದೀಪ ಹಿಡಿದಿದೆ!

ಮಕ್ಕಳಿಗೆ ಯಾವ ದೂರದರ್ಶಕ ಕೊಡಿಸಲಿ ಎಂದು ಕೇಳುವ ಕಾಫಿ ತೋಟದ ಸಾಹುಕಾರರಿಗೆ ಇಷ್ಟೇ: ಡಬ್ಬಿಯ ಮೇಲೆ ಐನೂರು ಪಟ್ಟು ಎಂದು ಬರೆದದ್ದನ್ನು ಕೊಳ್ಳಬೇಡಿ. ಸದ್ಯಕ್ಕೆ ಒಂದು ನೋಟ್‌ಬುಕ್ ಕೊಡಿಸಿ, ಒಂದು ತಿಂಗಳು ದಿನಾ ಚಂದ್ರನ ಆಕಾರ, ದಿಕ್ಕು, ಗಂಟೆ ಬರೆಯಲಿ. ನೋಟ್‌ಬುಕ್ ತುಂಬಿದ ಮೇಲೆ ಬನ್ನಿ, ದೂರದರ್ಶಕದ ಮಾತಾಡೋಣ. ತಿರುಗಿ ಬಂದವರು ಇದುವರೆಗೆ ಮೂವರು.

ಶಾಲೆಗಳಿಂದ ಕರೆ ಮಾಡುವವರು ತಿಂಗಳು ನೋಡಿ ಮಾಡಬೇಕು. ಸಕಲೇಶಪುರ, ಮೂಡಿಗೆರೆಯ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಇರುವುದಿಲ್ಲ, ಡಿಸೆಂಬರ್ ನಂತರ ಕರೆಯಿರಿ. ಅಷ್ಟಮಿಗೆ ಹೊಂದುವ ದಿನ ಆಗಬೇಕು, ಹುಣ್ಣಿಮೆ ಬೇಡ. ಕಿತ್ತಳೆಯನ್ನು ಶಾಲೆಯವರೇ ತರಬೇಕು, ತಲೆಗೆ ಒಂದು, ಮೇಲೆ ಒಂದು ಡಜನ್. ಆಲೂರಿನಲ್ಲಿ ನಾನು ಒಯ್ದ ಚಂದ್ರರನ್ನೆಲ್ಲ ಪಾಠ ಮುಗಿಯುವ ಮೊದಲೇ ಸುಲಿದು ತಿಂದಿದ್ದರು, ಮುಖ್ಯೋಪಾಧ್ಯಾಯರೂ ಸೇರಿ.