ಅಪರಿಚಿತ ನಲ್ಲಿಗೆ ಗಾಡಿಯನ್ನು ಜೋಡಿಸುವ ಮುನ್ನ

ಕ್ಯಾರವಾನ್, ಅಂದರೆ ಒಳಗೇ ವಾಸಿಸಬಹುದಾದ ಮನೆಯಂಥ ಗಾಡಿಯನ್ನು, ದುರಸ್ತಿಗೆ ತಂದವರು ಮೊದಲು ತೋರಿಸುವುದು ಒಳಗಿನ ಹಾನಿಯನ್ನು. ಸಿಂಕಿನ ಕೆಳಗೆ ಉಬ್ಬಿದ ಪ್ಲೈವುಡ್, ಹಾಸಿಗೆಯ ಪಕ್ಕದ ಗೋಡೆಯಲ್ಲಿ ಹಬ್ಬಿದ ಬೂಷ್ಟು, ಇದ್ದಕ್ಕಿದ್ದಂತೆ ನಿಂತುಹೋದ ಫ್ರಿಜ್. ನಾನು ಮಾತ್ರ ಮೊದಲು ಗಾಡಿಯ ಹೊರಮೈಗೆ ಹೋಗಿ, ನೀರು ಮತ್ತು ವಿದ್ಯುತ್ ಒಳಹೋಗುವ ಪುಟ್ಟ ಬಾಗಿಲನ್ನು ತೆರೆದು ನೋಡುತ್ತೇನೆ. ಒಳಗಿನ ಹಾನಿಯ ಬೇರು ಬಹಳ ಸಲ ಅಲ್ಲಿರುತ್ತದೆ.

ಮನೆಗೂ ಗಾಡಿಗೂ ಇರುವ ವ್ಯತ್ಯಾಸ ಇದು: ಮನೆಗೆ ಒಂದೇ ನಲ್ಲಿ, ಒಂದೇ ವಿದ್ಯುತ್ ಕಂಬ. ಅವುಗಳ ಗುಣ ನಮಗೆ ಗೊತ್ತಿರುತ್ತದೆ. ಗಾಡಿಗೆ ಇವತ್ತು ಸಿಕ್ಕ ನಲ್ಲಿ ನಾಳೆ ಇಲ್ಲ. ಪ್ರತಿ ತಂಗುದಾಣದಲ್ಲೂ ಯಾರೋ ಹಾಕಿದ ಪೈಪು, ಯಾರೋ ಕಟ್ಟಿದ ತಂತಿ. ಹಾಗಾಗಿ ಕಾವಲು ಗಾಡಿಯಲ್ಲೇ ಇರಬೇಕು, ಅದೂ ಕಳಚಿ ಪೆಟ್ಟಿಗೆಯಲ್ಲಿಡುವ ಬಿಡಿ ಸಾಮಾನಾಗಿ ಅಲ್ಲ, ಗಾಡಿಯ ಅಂಗವಾಗಿ ಇರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕೈಯಲ್ಲಿ ಒಯ್ಯುವ ವಸ್ತು ಒಂದಲ್ಲ ಒಂದು ದಿನ ಮರೆತುಹೋಗುತ್ತದೆ. ಮಳೆ ಸುರಿಯುವ ಕತ್ತಲ ರಾತ್ರಿಯಲ್ಲಿ ತಂಗುದಾಣ ತಲುಪಿದಾಗಲಂತೂ ಮರೆಯುವುದು ಖಂಡಿತ.

ನೀರಿನ ಒತ್ತಡದಿಂದ ಆರಂಭಿಸುತ್ತೇನೆ. ಅದನ್ನು ಅಳೆಯುವುದು ಪಿಎಸ್‌ಐನಲ್ಲಿ, ಅಂದರೆ ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂದು. ಈಗಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಬಳಸುವ ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪು ತಣ್ಣೀರಿನಲ್ಲಿ 160 ಪಿಎಸ್‌ಐ, ಬಿಸಿನೀರಿನಲ್ಲಿ 100 ಪಿಎಸ್‌ಐ ವರೆಗೂ ತಡೆಯುವಂಥದ್ದು. ಆದರೆ ಒಡೆಯುವುದು ಪೈಪಲ್ಲ, ಅದರ ತುದಿಯ ಪ್ಲಾಸ್ಟಿಕ್ ಜೋಡಣೆ. ಶೌಚಾಲಯದ ವಾಲ್ವು, ನಲ್ಲಿಯ ಬುಡದ ತಿರುಪು, ಫಿಲ್ಟರಿನ ಬಟ್ಟಲು. ಇವುಗಳಿಗೆ 40ರಿಂದ 60 ಪಿಎಸ್‌ಐ ಹಿತವಾದ ಒತ್ತಡ. ಸಂಜೆ ಎಲ್ಲರೂ ಸ್ನಾನಕ್ಕೆ ನೀರು ಬಿಟ್ಟಾಗ 40 ತೋರಿಸುತ್ತಿದ್ದ ಮಾಪಕ, ಎಲ್ಲರೂ ಮಲಗಿದ ಮೇಲೆ ಅದೇ ನಲ್ಲಿಯಲ್ಲಿ 90 ದಾಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಾಡಿಯೊಳಗೆ ಜೋಡಣೆಗಳು ಹೆಚ್ಚಾಗಿ ನಡುರಾತ್ರಿ ಬಿಚ್ಚಿಕೊಳ್ಳುವುದು ಇದಕ್ಕೇ.

ಒತ್ತಡ ನಿಯಂತ್ರಕಗಳಲ್ಲಿ ಎರಡು ಬಗೆ. ಹೆಬ್ಬೆರಳಿನಷ್ಟು ಗಾತ್ರದ ಹಿತ್ತಾಳೆಯ ಕೊಳವೆಯೊಂದಿದೆ. ಅದು ಒತ್ತಡವನ್ನು ಇಳಿಸುವುದರ ಜೊತೆಗೆ ನೀರಿನ ಹರಿವಿನ ಕತ್ತನ್ನೂ ಹಿಸುಕುತ್ತದೆ. ಶವರಿನಲ್ಲಿ ನೀರು ಸಣ್ಣಗೆ ಬರುತ್ತಿದೆ ಎಂದು ಬೇಸತ್ತ ಮಾಲೀಕರು ಅದನ್ನು ಕಿತ್ತು ಬಿಸಾಡಿದ್ದುಂಟು. ಹಾಗೆ ಮಾಡಿದವರ ಗಾಡಿಯೇ ಮುಂದೆ ನೆಲ ನೆನೆದು ನನ್ನ ಬಳಿಗೆ ಬಂದದ್ದೂ ಉಂಟು. ಇನ್ನೊಂದು, ಮಾಪಕವಿರುವ, ತಿರುಪಿನಿಂದ ಹೊಂದಿಸಬಹುದಾದ ದೊಡ್ಡ ನಿಯಂತ್ರಕ. ಇದನ್ನು 50 ಪಿಎಸ್‌ಐಗೆ ಹೊಂದಿಸಿ, ನೀರು ಒಳಬರುವ ಜಾಗದಲ್ಲೇ ಗಾಡಿಯೊಳಗೆ ಗಟ್ಟಿಯಾಗಿ ಕೂರಿಸುವುದು ನನ್ನ ಪದ್ಧತಿ. ನಲ್ಲಿಯ ತುದಿಗೆ ಹಾಕಿದರೆ ಹೋಸ್ ಪೈಪಿಗೂ ರಕ್ಷಣೆ ಸಿಗುತ್ತದಲ್ಲ ಎಂದು ಸಹೋದ್ಯೋಗಿಗಳು ವಾದಿಸುತ್ತಾರೆ. ಮಾತು ಸರಿ. ಆದರೆ ಹೊರಗಿನ ಹೋಸ್ ಒಡೆದರೆ ನೆನೆಯುವುದು ಮಣ್ಣು, ಒಳಗಿನ ಜೋಡಣೆ ಒಡೆದರೆ ಕೊಳೆಯುವುದು ಗಾಡಿಯ ನೆಲ. ಆಯ್ಕೆ ಮಾಡಲೇಬೇಕಾದರೆ ನಾನು ನೆಲವನ್ನು ಕಾಯುತ್ತೇನೆ, ಹೋಸನ್ನು ಹೆಚ್ಚು ಒತ್ತಡ ತಾಳುವಂಥದ್ದನ್ನೇ ಕೊಳ್ಳಿ ಎನ್ನುತ್ತೇನೆ.

ಇದಕ್ಕಿಂತಲೂ ಸರಳವಾದ ಒಂದು ಉಪಾಯವಿದೆ. ಗಾಡಿ ಬಿಟ್ಟು ಸುತ್ತಾಡಲು ಹೊರಟಾಗ ನಲ್ಲಿಯನ್ನು ಮುಚ್ಚಿಬಿಡಿ. ಹೊರಗಿನ ನಲ್ಲಿಗೆ ಕೊನೆಯೆಂಬುದಿಲ್ಲ, ಒಂದು ಜೋಡಣೆ ಬಿಚ್ಚಿಕೊಂಡರೆ ನೀವು ಹಿಂದಿರುಗುವವರೆಗೂ ನೀರು ಸುರಿಯುತ್ತಲೇ ಇರುತ್ತದೆ. ಗಾಡಿಯ ತೊಟ್ಟಿಯಿಂದ ಪಂಪಿನ ಮೂಲಕ ನೀರು ಬಳಸುವವರಿಗೆ ಈ ಭಯ ಕಡಿಮೆ: ಹೆಚ್ಚೆಂದರೆ ತೊಟ್ಟಿಯಲ್ಲಿದ್ದಷ್ಟು ನೀರು ಹೋಗುತ್ತದೆ, ಪಂಪಿನ ಸದ್ದೂ ಎಚ್ಚರಿಸುತ್ತದೆ. ನನ್ನ ಸ್ವಂತ ಗಾಡಿಯಲ್ಲಿ ನಾನು ನಲ್ಲಿಯನ್ನು ತೊಟ್ಟಿ ತುಂಬುವುದಕ್ಕಷ್ಟೇ ಬಳಸುತ್ತೇನೆ.

ಹೊರಮೈಯ ನೀರಿನ ಬಾಯಿಯನ್ನು ಗಮನವಿಟ್ಟು ನೋಡಿ. ತುಂಬಿದ ಹೋಸಿನ ಭಾರವೆಲ್ಲ ಅದರ ಮೇಲೆ ಜೋತಾಡುತ್ತಿರುತ್ತದೆ. 90 ಡಿಗ್ರಿ ಬಾಗಿದ ಹಿತ್ತಾಳೆಯ ಮೊಣಕೈ ಒಂದನ್ನು ಹಾಕಿದರೆ ಹೋಸು ನೇರವಾಗಿ ಕೆಳಗಿಳಿಯುತ್ತದೆ, ಬಾಯಿಯ ಸುತ್ತಲಿನ ಗೋಡೆ ಬಿರುಕು ಬಿಡುವುದಿಲ್ಲ. ಅದರ ಮೇಲೊಂದು ಕ್ಷಣದಲ್ಲಿ ಬಿಚ್ಚಿ ಜೋಡಿಸಬಹುದಾದ ಕಪ್ಲರ್ ಹಾಕಿದರೆ ತಿರುಪು ಸವೆಯುವುದೂ ನಿಲ್ಲುತ್ತದೆ. ಬಾಯಿಯೊಳಗೆ ಜಾಲರಿಯ ವಾಷರ್ ಇರುತ್ತದೆ. ನೀರು ಸಣ್ಣಗಾಯಿತೆಂದು ಪಂಪನ್ನೋ ಪೈಪನ್ನೋ ಬೈಯುವ ಮೊದಲು ಅದನ್ನು ತೆಗೆದು ತೊಳೆಯಿರಿ.

ಅದೇ ಬಾಯಿಯೊಳಗೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಏಕಮುಖ ಕವಾಟವೊಂದಿದೆ. ಪಂಪಿನಲ್ಲೂ ಅಂಥದ್ದೇ ಒಂದಿದೆ. ಪಂಪು ನಡೆಯುವಾಗ ಹೊರಗಿನ ಬಾಯಿಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಬಾಯಿಯ ಕವಾಟ ಸೋತಿದೆ. ಹೊರಗಿನ ನಲ್ಲಿಗೆ ಜೋಡಿಸಿದಾಗ ತೊಟ್ಟಿ ತಾನಾಗಿ ತುಂಬಿ ಉಕ್ಕುತ್ತಿದ್ದರೆ ಅನುಮಾನ ಪಂಪಿನ ಕವಾಟದ ಮೇಲೆ. ಈ ಎರಡು ಲಕ್ಷಣ ನೆನಪಿಟ್ಟುಕೊಂಡವರು ಅರ್ಧ ದಿನದ ಹುಡುಕಾಟ ಉಳಿಸಿಕೊಳ್ಳುತ್ತಾರೆ.

ಈ ಕವಾಟಗಳಿಂದ ಇನ್ನೊಂದು ಗೊಂದಲವೂ ಹುಟ್ಟುತ್ತದೆ. ಹೀಟರಿನಲ್ಲಿ ನೀರು ಕಾದಂತೆ ಹಿಗ್ಗುತ್ತದೆ, ಹಿಂದಕ್ಕೆ ಹೋಗಲು ದಾರಿಯಿಲ್ಲ. ಆಗ ಹೀಟರಿನ ಸುರಕ್ಷತಾ ವಾಲ್ವಿನಿಂದ ನೀರು ಜಿನುಗುತ್ತದೆ. ವಾಲ್ವು ಕೆಟ್ಟಿದೆಯೆಂದು ಅದನ್ನು ಬದಲಿಸಿ, ಹೊಸದೂ ಜಿನುಗಿದಾಗ ಕಂಗಾಲಾದವರನ್ನು ನೋಡಿದ್ದೇನೆ. ತೊಟ್ಟಿಯಿರುವ ಹೀಟರಿನ ಮೇಲ್ಭಾಗದಲ್ಲಿ ಇರಬೇಕಾದ ಗಾಳಿಯ ಪದರ ಕರಗಿಹೋಗಿರುವುದೇ ಬಹಳ ಸಲ ಕಾರಣ. ಹೀಟರ್ ಆರಿಸಿ, ನೀರು ಪೂರ್ತಿ ತಣಿಯಲು ಬಿಡಿ. ಒಳಬರುವ ನೀರನ್ನು ನಿಲ್ಲಿಸಿ, ಒಳಗಿನ ಬಿಸಿನೀರಿನ ನಲ್ಲಿಯೊಂದನ್ನು ತೆರೆದು ಒತ್ತಡ ಇಳಿಸಿ, ಬಳಿಕ ಸುರಕ್ಷತಾ ವಾಲ್ವಿನ ಹಿಡಿಯನ್ನು ಎತ್ತಿ ನೀರು ತಾನಾಗಿ ನಿಲ್ಲುವವರೆಗೂ ಹರಿಯಗೊಡಿ. ಗಾಳಿಯ ಪದರ ಮತ್ತೆ ಕೂಡಿಕೊಳ್ಳುತ್ತದೆ. ಒಳಗೆ ರಬ್ಬರಿನ ಪೊರೆಯಿರುವ ಒತ್ತಡದ ಪುಟ್ಟ ತೊಟ್ಟಿಯೊಂದನ್ನು ಪಂಪಿನ ಬಳಿ ಜೋಡಿಸಿದರೆ ಈ ಹಿಗ್ಗುವಿಕೆಯನ್ನೂ ಅದು ನುಂಗಿಕೊಳ್ಳುತ್ತದೆ, ಪಂಪು ಕ್ಷಣಕ್ಕೊಮ್ಮೆ ಗುರ್ ಎನ್ನುವುದೂ ತಪ್ಪುತ್ತದೆ.

ಫಿಲ್ಟರ್ ಎಲ್ಲಿರಬೇಕು ಎಂಬುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಇದ್ದಿಲಿನ ಫಿಲ್ಟರ್ ಕ್ಲೋರಿನ್ನನ್ನು ತೆಗೆದು ರುಚಿಯನ್ನು ಸುಧಾರಿಸುತ್ತದೆ. ಅದನ್ನು ತೊಟ್ಟಿಗೆ ಮೊದಲೇ ಹಾಕಿದರೆ ಕ್ಲೋರಿನ್ ಇಲ್ಲದ ನೀರು ದಿನಗಟ್ಟಲೆ ತೊಟ್ಟಿಯಲ್ಲಿ ನಿಲ್ಲುತ್ತದೆ, ಅಂದರೆ ರೋಗಾಣುಗಳಿಂದ ಅದನ್ನು ಕಾಯುವವರೇ ಇಲ್ಲ. ಆದ್ದರಿಂದ ಹೊರಗಿನ ಬಾಯಿಯ ಬಳಿ ಮರಳು ಮತ್ತು ತುಕ್ಕಿನ ಕಣಗಳನ್ನು ತಡೆಯುವ 5 ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಫಿಲ್ಟರ್ ಸಾಕು. ಇದ್ದಿಲಿನದು ಅಡುಗೆಮನೆಯ ಕುಡಿಯುವ ನೀರಿನ ನಲ್ಲಿಯ ಹತ್ತಿರ ಇರಲಿ. ಬಹಳ ಕಾಲ ನಿಂತಿದ್ದ ಗಾಡಿಯ ತೊಟ್ಟಿಗೆ ಲೀಟರಿಗೆ ಸುಮಾರು 1 ಮಿಲಿಲೀಟರ್ ಲೆಕ್ಕದಲ್ಲಿ, 5% ಸಾಂದ್ರತೆಯ, ಪರಿಮಳ ಬೆರೆಸದ ಮನೆಬಳಕೆಯ ಬ್ಲೀಚನ್ನು ನೀರಿನಲ್ಲಿ ಕರಗಿಸಿ ಹಾಕಿ. ಫಿಲ್ಟರುಗಳನ್ನು ಮೊದಲೇ ತೆಗೆದಿಟ್ಟಿರಿ. ಎಲ್ಲ ನಲ್ಲಿಗಳಲ್ಲೂ ಬ್ಲೀಚಿನ ವಾಸನೆ ಬರುವವರೆಗೆ ಹರಿಸಿ, ಒಂದು ರಾತ್ರಿ ಬಿಟ್ಟು, ವಾಸನೆ ಹೋಗುವ ತನಕ ಶುದ್ಧ ನೀರಿನಿಂದ ತೊಳೆಯಿರಿ.

ಕೊಳೆನೀರಿನ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಶೌಚದ ತೊಟ್ಟಿಯ ವಾಲ್ವನ್ನು ಸದಾ ತೆರೆದಿಡಬೇಡಿ. ದ್ರವವೆಲ್ಲ ಹರಿದುಹೋಗಿ ಗಟ್ಟಿ ಪದಾರ್ಥ ಒಳಗೇ ಗುಡ್ಡೆಯಾಗುತ್ತದೆ. ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಒಮ್ಮೆಗೇ ಬಿಡಿ. ಆಮೇಲೆ ಸ್ನಾನ, ಸಿಂಕಿನ ನೀರಿನ ತೊಟ್ಟಿಯನ್ನು ತೆರೆದರೆ ಅದೇ ನೀರು ಕೊಳವೆಯನ್ನು ತೊಳೆಯುತ್ತದೆ. ತೊಟ್ಟಿ ತೊಳೆಯುವ ಹೋಸ್ ಬೇರೆ ಬಣ್ಣದ್ದಾಗಿರಲಿ, ಕುಡಿಯುವ ನೀರಿನ ಹೋಸ್ ಇರುವ ಪೆಟ್ಟಿಗೆಯಲ್ಲಿ ಅದು ಎಂದೂ ಇರಕೂಡದು. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ವಿದ್ಯುತ್ತಿನ ಮಾತಿಗೆ ಬಂದರೆ ನನ್ನ ದನಿ ಬದಲಾಗುತ್ತದೆ, ಏಕೆಂದರೆ ನೀರು ಗಾಡಿಯನ್ನು ಕೆಡಿಸುತ್ತದೆ, ಇದು ಜೀವ ತೆಗೆಯುತ್ತದೆ. ಗಾಡಿಯ ಬಾಗಿಲಿನ ಹಿಡಿ ಮುಟ್ಟಿದಾಗ ಕೈ ಜುಮ್ಮೆಂದರೆ ಅದನ್ನು ಸಣ್ಣದೆಂದು ತಿಳಿಯಬೇಡಿ. ಕಂಬದ ಸಾಕೆಟ್ಟಿನಲ್ಲೋ ನಿಮ್ಮ ಕೇಬಲ್ಲಿನಲ್ಲೋ ಅರ್ಥಿಂಗ್ ತುಂಡಾಗಿ, ಒಳಗೆಲ್ಲೋ ಸೋರಿದ ವಿದ್ಯುತ್ತು ಲೋಹದ ಮೈಯಲ್ಲಿ ನಿಂತಿದೆ ಎಂಬುದರ ಗುರುತು ಅದು. ಟೈರಿನ ಮೇಲೆ ನಿಂತ ಗಾಡಿಗೆ ನೆಲದ ಸಂಪರ್ಕವಿಲ್ಲ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಹಿಡಿ ಮುಟ್ಟುವ ಮಗುವೇ ಆ ಸಂಪರ್ಕವಾಗಿಬಿಡುತ್ತದೆ. ಒಳಗಿದ್ದವರು ಇಳಿಯದಿರಲಿ, ಹೊರಗಿದ್ದವರು ಗಾಡಿಯನ್ನು ಮುಟ್ಟದೆ ಕಂಬದ ಸ್ವಿಚ್ ಆರಿಸಲಿ. ಕಾರಣ ಸಿಗುವವರೆಗೆ ಮತ್ತೆ ಹಾಕಬೇಡಿ.

ಅಮೆರಿಕದ ಗಾಡಿಗಳಲ್ಲಿ 30 ಆಂಪಿಯರಿನ ಜೋಡಣೆ 120 ವೋಲ್ಟಿನಲ್ಲಿ 3,600 ವಾಟ್ ಕೊಡುತ್ತದೆ; ಯುರೋಪಿನ ನೀಲಿ ಪ್ಲಗ್ಗು 230 ವೋಲ್ಟ್, 16 ಆಂಪಿಯರಿನಲ್ಲಿ ಹೆಚ್ಚುಕಡಿಮೆ ಅಷ್ಟೇ. 50 ಆಂಪಿಯರಿನ ಅಮೆರಿಕದ ಜೋಡಣೆಯಲ್ಲಿ ಎರಡು ಫೇಸ್ ತಂತಿಗಳಿದ್ದು, ಒಟ್ಟು 12,000 ವಾಟ್ ಸಿಗುತ್ತದೆ. ಆದರೆ ಅಲ್ಲಿ ನ್ಯೂಟ್ರಲ್ ತಂತಿ ಸಡಿಲವಾದರೆ 120 ವೋಲ್ಟಿನ ಉಪಕರಣಗಳ ಮೇಲೆ 240ರ ಹತ್ತಿರದವರೆಗೂ ಏರಬಹುದು. ಕ್ಷಣಾರ್ಧದಲ್ಲಿ ಫ್ರಿಜ್ಜು, ಮೈಕ್ರೋವೇವ್, ಚಾರ್ಜರ್ ಎಲ್ಲ ಒಟ್ಟಿಗೆ ಸುಟ್ಟ ಗಾಡಿಗಳನ್ನು ಕಂಡಿದ್ದೇನೆ. ಇದಕ್ಕೆ ಬರೀ ಸರ್ಜ್ (ವೋಲ್ಟೇಜಿನ ಕ್ಷಣಿಕ ಜಿಗಿತ) ತಡೆಯುವ ಪೆಟ್ಟಿಗೆ ಸಾಲದು. ಅರ್ಥಿಂಗ್ ಇದೆಯೇ, ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿವೆಯೇ, ವೋಲ್ಟೇಜ್ ಮಿತಿಯಲ್ಲಿದೆಯೇ ಎಂದು ಮೊದಲು ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ವಿದ್ಯುತ್ತನ್ನು ಒಳಬಿಡುವ ಸಾಧನ ಬೇಕು. ಅದನ್ನೂ ಗಾಡಿಯೊಳಗೇ ಕೂರಿಸುತ್ತೇನೆ. ಕಂಬಕ್ಕೆ ನೇತುಹಾಕುವಂಥದ್ದು ಮಳೆಗೂ ಕಳ್ಳರಿಗೂ ಸಿಗುತ್ತದೆ.

ಪ್ಲಗ್ಗನ್ನು ಜೋಡಿಸಿ ಅರ್ಧ ಗಂಟೆಯಾದ ಮೇಲೆ ಅದರ ಪ್ಲಾಸ್ಟಿಕ್ ಮೈಯನ್ನು ಒಣಗಿದ ಕೈಯಿಂದ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಹಿಂದೆಗೆಯುವಷ್ಟು ಬಿಸಿಯಾಗಿದ್ದರೆ ಸಂಪರ್ಕ ಸಡಿಲವಾಗಿದೆ. ವಿದ್ಯುತ್ ಪ್ರವಾಹ ಇಮ್ಮಡಿಯಾದರೆ ಸಂಪರ್ಕದಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಕಂದಿದ ಪಿನ್ನನ್ನು ಉಜ್ಜಿ ಹೊಳಪಿಸಿದರೆ ಸಾಲದು, ಒಳಗಿನ ಸ್ಪ್ರಿಂಗು ಬಿಸಿಗೆ ತನ್ನ ಬಿಗಿ ಕಳೆದುಕೊಂಡಿರುತ್ತದೆ. ಪ್ಲಗ್ಗು, ಗಾಡಿಯ ಸಾಕೆಟ್ಟು ಎರಡನ್ನೂ ಒಟ್ಟಿಗೇ ಬದಲಿಸಿ. ಹೊಸ ಸಾಕೆಟ್ ಹಾಕುವಾಗ ತಿರುಗಿಸಿ ಬಿಗಿಯುವ ಉಂಗುರವಿರುವುದನ್ನು ಆರಿಸಿದರೆ ಕೇಬಲ್ಲಿನ ತೂಕಕ್ಕೆ ಪಿನ್ನು ಜಗ್ಗುವುದಿಲ್ಲ. ರೀಲಿಗೆ ಸುತ್ತಿದ ಕೇಬಲ್ಲನ್ನು ಪೂರ್ತಿ ಬಿಚ್ಚಿಯೇ ಬಳಸಿ, ಸುರುಳಿಯಲ್ಲಿದ್ದರೆ ಶಾಖ ಹೊರಹೋಗದೆ ಹೊದಿಕೆ ಕರಗುತ್ತದೆ. ಜೋಡಿಸುವಾಗಲೂ ಬಿಚ್ಚುವಾಗಲೂ ಕಂಬದ ಬ್ರೇಕರ್ ಆರಿರಬೇಕು.

ಹೊರಡುವ ದಿನ ನಾನು ಮೊದಲು ಒಳಗಿನ ದೊಡ್ಡ ಉಪಕರಣಗಳನ್ನು, ಆಮೇಲೆ ಬ್ರೇಕರನ್ನು ಆರಿಸಿ, ಕೇಬಲ್ ಸುತ್ತಿಡುತ್ತೇನೆ. ಬಳಿಕ ನಲ್ಲಿ ಮುಚ್ಚಿ, ಒಳಗಿನ ಒಂದು ನಲ್ಲಿ ತೆರೆದು ಒತ್ತಡ ಇಳಿಸಿದ ಮೇಲೆಯೇ ಕುಡಿಯುವ ನೀರಿನ ಹೋಸನ್ನು ಬಿಚ್ಚುತ್ತೇನೆ. ಅದರ ಎರಡು ತುದಿಗಳನ್ನೂ ಒಂದಕ್ಕೊಂದು ತಿರುಪಿ ಮುಚ್ಚಿ, ನೀರಿನ ಬಾಯಿಗೆ ಮುಚ್ಚಳ ಹಾಕುತ್ತೇನೆ. ಕೈಗವಸು ತೊಡುವುದು, ಕೊಳೆನೀರಿನ ವಾಲ್ವಿಗೆ ಕೈ ಹಚ್ಚುವುದು ಅದರ ನಂತರ.